ಲಾಂಗ್‌ಫೆಲೊ ಕಾಲಿಡದ ಊರುಗಳಲ್ಲಿ ಅವನ ಹೆಸರು

ಪ್ರಶ್ನೆ: ನಾವು ದಾವಣಗೆರೆ ಕಡೆಯವರು, ಈಗ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿದ್ದೇವೆ. ಮನೆಯ ಸುತ್ತಮುತ್ತ ಹಯಾವಾಥಾ ಅವೆನ್ಯೂ, ಮಿನ್ನೆಹಾಹಾ ಜಲಪಾತ, ನೋಕೋಮಿಸ್ ಕೆರೆ, ಲಾಂಗ್‌ಫೆಲೊ ಬಡಾವಣೆ. ಇದೆಲ್ಲ ಲಾಂಗ್‌ಫೆಲೊ ಎಂಬ ಕವಿಯ ಒಂದೇ ಕಾವ್ಯದಿಂದ ಬಂದದ್ದು ಎಂದು ಯಾರೋ ಹೇಳಿದರು. ನಮಗೆ ಮಲೆನಾಡು ಎಂದರೆ ಕುವೆಂಪು ಇದ್ದ ಹಾಗೆ ಇಲ್ಲಿಯವರಿಗೆ ಇವನೇ? ಈಗ ಇವನನ್ನು ಓದುವವರು ಯಾರೂ ಕಾಣಿಸುವುದಿಲ್ಲ. ಮಗಳ ಟೀಚರ್ ಅಂತೂ ಆ ಕಾವ್ಯ ಮಕ್ಕಳಿಗೆ ತಕ್ಕದ್ದಲ್ಲ ಎಂದರಂತೆ. ಓದುವವರೇ ಇಲ್ಲದ ಕವಿ ಊರ ತುಂಬ ಉಳಿದದ್ದು ಹೇಗೆ? ಮಗಳಿಗೆ ಓದಿಸಬಹುದೇ, ಬೇಡವೇ?

ಉತ್ತರ: ಅಲ್ಲ, ಕುವೆಂಪು ಅವರ ಹಾಗಲ್ಲ. ಅವರು ಕುಪ್ಪಳಿಯಲ್ಲಿ ಬೆಳೆದು, ಕವಿಶೈಲದಲ್ಲಿ ಕೂತು, ಕಂಡ ಕಾಡನ್ನೇ ಬರೆದವರು. ಹೆನ್ರಿ ವಾಡ್ಸ್‌ವರ್ತ್ ಲಾಂಗ್‌ಫೆಲೊ ನಿಮ್ಮ ಜಲಪಾತವನ್ನು ಒಮ್ಮೆಯೂ ಕಣ್ಣಾರೆ ನೋಡಲಿಲ್ಲ. ಹುಟ್ಟಿದ್ದು 1807ರಲ್ಲಿ, ಈಶಾನ್ಯದ ಮೂಲೆಯಲ್ಲಿರುವ ಮೇನ್ ಸೀಮೆಯ ಪೋರ್ಟ್‌ಲೆಂಡ್ ಎಂಬ ಬಂದರಿನಲ್ಲಿ. ಬಾಳಿದ್ದು, 1882ರಲ್ಲಿ ತೀರಿಕೊಂಡದ್ದು, ಹಾರ್ವರ್ಡ್ ವಿಶ್ವವಿದ್ಯಾಲಯವಿರುವ ಕೇಂಬ್ರಿಜ್‌ನಲ್ಲಿ. ಯುರೋಪಿಗೆ ನಾಲ್ಕು ಸಲ ಹಡಗು ಹತ್ತಿದ ಈ ಮನುಷ್ಯ ಮಿಸಿಸಿಪ್ಪಿ ನದಿಯ ದಡಕ್ಕೆ ಒಂದು ಸಲವೂ ಬರಲಿಲ್ಲ.

ಹಾಗಿದ್ದೂ ಅವನ ಹೆಸರು, ಅವನ ಪಾತ್ರಗಳ ಹೆಸರು ದಟ್ಟವಾಗಿ ಬೇರುಬಿಟ್ಟಿರುವುದು ಅವನು ಕಾಲಿಡದ ಮೂರು ಸೀಮೆಗಳಲ್ಲಿ: ನಿಮ್ಮ ಮಿನೆಸೋಟ, ಕೆನಡಾದ ನೋವಾ ಸ್ಕೋಶಿಯಾ, ತೆಂಕಣದ ಲೂಯಿಸಿಯಾನ. ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ನಿಮ್ಮ ಪ್ರಶ್ನೆಗೆ ಉತ್ತರ ಸಿಗುತ್ತದೆ. ಕಾವ್ಯ ಒಳ್ಳೆಯದೋ ಕೆಟ್ಟದ್ದೋ ಎಂಬುದು ಇಲ್ಲಿ ಎರಡನೆಯ ಮಾತು. ಆ ಕಾವ್ಯವನ್ನು ಯಾರು ಎತ್ತಿಕೊಂಡರು, ಯಾವ ಕೆಲಸಕ್ಕೆ ಎತ್ತಿಕೊಂಡರು ಎಂಬುದೇ ಮೊದಲನೆಯದು.

ಮೊದಲು ನಿಮ್ಮ ಊರು. 'ಹಯಾವಾಥಾನ ಹಾಡು' ಪ್ರಕಟವಾದದ್ದು 1855ರ ನವೆಂಬರ್ 10ರಂದು. ಎರಡು ವರ್ಷದಲ್ಲಿ 50,000 ಪ್ರತಿಗಳು ಖರ್ಚಾದವು. ಕಾವ್ಯವೊಂದಕ್ಕೆ ಆ ಕಾಲದಲ್ಲಿ ಅದು ಬೆರಗಿನ ಸಂಖ್ಯೆ (ಈ ಕಾಲದಲ್ಲೂ ಬೆರಗಿನದೇ). ಸುಪೀರಿಯರ್ ಸರೋವರದ ದಕ್ಷಿಣ ದಂಡೆಯಲ್ಲಿ, ಅಜ್ಜಿ ನೋಕೋಮಿಸ್‌ಳ ಮಡಿಲಲ್ಲಿ ಬೆಳೆಯುವ ಒಜಿಬ್ವೆ ವೀರ ಹಯಾವಾಥಾ. ಬಾಣ ಮಾಡುವ ಮುದುಕನೊಬ್ಬನ ಮಗಳಾದ ಡಕೋಟಾ ಹೆಣ್ಣು ಮಿನ್ನೆಹಾಹಾ. ಇಬ್ಬರ ಮದುವೆಯಿಂದ ಹಗೆಯ ಎರಡು ಬುಡಕಟ್ಟುಗಳಿಗೆ ಶಾಂತಿ. ಆಮೇಲೆ ಬರಗಾಲ, ಅವಳ ಸಾವು. ಕೊನೆಗೆ ಬಿಳಿಯ ಪಾದ್ರಿ ಬರುತ್ತಾನೆ. ಹಯಾವಾಥಾ ಅವನನ್ನು ಆದರಿಸಿ, ಅವನ ಮಾತು ಕೇಳಿ ಎಂದು ತನ್ನವರಿಗೆ ಹೇಳಿ, ದೋಣಿ ಏರಿ ಪಡುವಣಕ್ಕೆ ಹೊರಟುಹೋಗುತ್ತಾನೆ. ಈ ಕೊನೆಯನ್ನು ನೆನಪಿಟ್ಟುಕೊಳ್ಳಿ, ಟೀಚರ ಆಕ್ಷೇಪದ ಬೇರು ಅಲ್ಲಿದೆ.

ಕಥೆಗಳನ್ನು ಅವನು ಎತ್ತಿಕೊಂಡದ್ದು ಹೆನ್ರಿ ಸ್ಕೂಲ್‌ಕ್ರಾಫ್ಟ್ ಎಂಬ ಸರ್ಕಾರಿ ಅಧಿಕಾರಿಯ ಸಂಗ್ರಹಗಳಿಂದ. ಆ ಸಂಗ್ರಹದ ಹಿಂದೆ ಸ್ಕೂಲ್‌ಕ್ರಾಫ್ಟನ ಹೆಂಡತಿ ಜೇನ್ ಜಾನ್‌ಸ್ಟನ್ ಇದ್ದಳು. ತಾಯಿಯ ಕಡೆಯಿಂದ ಒಜಿಬ್ವೆ, ತಾನೂ ಕವಿ. ಅವಳ ತವರುಮನೆಯವರು ಹೇಳಿದ ಕಥೆಗಳೇ ಪುಸ್ತಕವಾಗಿದ್ದವು. ಆ ಕಥೆಗಳ ನಾಯಕ ನಾನಬೋಜೊ. ವೇಷ ಮರೆಸುವ, ಮೋಸ ಮಾಡುವ, ತಾನೇ ಮೋಸಹೋಗುವ, ಜಗತ್ತನ್ನೂ ಕಟ್ಟುವ ತುಂಟ ದೇವತೆ. ಹಯಾವಾಥಾ ಎಂಬುವನು ಬೇರೆಯೇ ಜನರವನು, ದೂರದ ಪೂರ್ವದ ಇರೊಕ್ವಾ ಒಕ್ಕೂಟವನ್ನು ಕಟ್ಟಿದವರಲ್ಲಿ ಒಬ್ಬನೆಂದು ಅವರು ಗೌರವಿಸುವ ಪುರುಷ. ಸ್ಕೂಲ್‌ಕ್ರಾಫ್ಟ್ ಇಬ್ಬರನ್ನೂ ಕಲಸಿಬಿಟ್ಟಿದ್ದ, ಲಾಂಗ್‌ಫೆಲೊ ಕಲಸಿದ್ದನ್ನೇ ಬಡಿಸಿದ. ತುಂಟತನ ಕಳೆದು, ಇಂಗ್ಲಿಷ್ ಓದುಗರ ಮನೆಯ ಪಡಸಾಲೆಗೆ ಒಪ್ಪುವಂಥ ಸಾತ್ವಿಕ ನಾಯಕನೊಬ್ಬ ಹುಟ್ಟಿದ. ಲಯ ಫಿನ್‌ಲೆಂಡಿನ 'ಕಲೆವಾಲಾ' ಮಹಾಕಾವ್ಯದ್ದು, ಅದನ್ನೂ ಅವನು ಜರ್ಮನ್ ಅನುವಾದದಲ್ಲಿ ಓದಿದ್ದ. ಹೀಗೆ ಮೂರು ಕಡೆಯ ನೂಲಿನಿಂದ ನೇಯ್ದ ಬಟ್ಟೆಯನ್ನು ಮಿನೆಸೋಟ ತನ್ನ ನಾಡುಡುಗೆ ಎಂದು ಹೊದ್ದುಕೊಂಡಿತು.

ಹೊದ್ದುಕೊಂಡವರು ಯಾರು? ಹೊಸದಾಗಿ ಬಂದು ನೆಲೆಯೂರಿದ ಬಿಳಿಯರು. ವರ್ಷಗಳನ್ನು ಪಕ್ಕಪಕ್ಕ ಇಡೋಣ. 1851ರ ಒಪ್ಪಂದಗಳಲ್ಲಿ ಡಕೋಟಾ ಜನ ಸುಮಾರು 2.4 ಕೋಟಿ ಎಕರೆ ನೆಲ ಬಿಟ್ಟುಕೊಡಬೇಕಾಯಿತು. 1855ರಲ್ಲಿ ಕಾವ್ಯ ಬಂತು. 1858ರಲ್ಲಿ ಮಿನೆಸೋಟ ರಾಜ್ಯವಾಯಿತು. ಒಪ್ಪಂದದ ಹಣವೂ ದವಸವೂ ಸಮಯಕ್ಕೆ ಬಾರದೆ ಹಸಿದ ಡಕೋಟಾ ಜನ 1862ರಲ್ಲಿ ದಂಗೆಯೆದ್ದರು. ಆ ವರ್ಷ ಡಿಸೆಂಬರ್ 26ರಂದು ಮ್ಯಾಂಕೇಟೊ ಊರಿನಲ್ಲಿ 38 ಡಕೋಟಾ ಗಂಡಸರನ್ನು ಒಟ್ಟಿಗೆ ನೇಣಿಗೇರಿಸಲಾಯಿತು. ಹೆಂಗಸರು, ಮಕ್ಕಳು, ಮುದುಕರು ಸೇರಿ ಸುಮಾರು 1,600 ಮಂದಿಯನ್ನು ಆ ಚಳಿಗಾಲವಿಡೀ ಸ್ನೆಲ್ಲಿಂಗ್ ಕೋಟೆಯ ಕೆಳಗಿನ ಬಯಲಲ್ಲಿ ಕೂಡಿಹಾಕಿದರು, ನೂರಕ್ಕೂ ಹೆಚ್ಚು ಜನ ಅಲ್ಲೇ ಸತ್ತರು. ಮರುವರ್ಷ ಉಳಿದವರನ್ನು ರಾಜ್ಯದಿಂದಲೇ ಹೊರಗಟ್ಟಿದರು. ಮಿನ್ನೆಹಾಹಾ ಜಲಪಾತಕ್ಕೂ ಆ ಕೋಟೆಗೂ ಕೂಗಳತೆಯಲ್ಲದಿದ್ದರೂ ನಡಿಗೆಯ ದೂರವೇ.

ಡಕೋಟಾ ಹೆಣ್ಣಿನ ಹೆಸರಿನ ಮೆರವಣಿಗೆ ಶುರುವಾದದ್ದು ನಿಜವಾದ ಡಕೋಟಾ ಹೆಣ್ಣುಮಕ್ಕಳನ್ನು ಅಲ್ಲಿಂದ ಸಾಗಿಸಿದ ಮೇಲೆ. ಜಲಪಾತದ ಜಾಗ 1889ರಲ್ಲಿ ನಗರದ ಉದ್ಯಾನವಾಯಿತು. ಹಯಾವಾಥಾ ಮಿನ್ನೆಹಾಹಾಳನ್ನು ಎತ್ತಿಕೊಂಡು ಹೊಳೆ ದಾಟುವ ಶಿಲ್ಪವನ್ನು ನಾರ್ವೆ ಮೂಲದ ಜೇಕಬ್ ಫ್ಯೆಲ್ಡೆ 1893ರ ಷಿಕಾಗೊ ಮಹಾಪ್ರದರ್ಶನಕ್ಕೆಂದು ಮಾಡಿದ್ದ. ಶಾಲಾಮಕ್ಕಳು ಕೂಡಿಸಿದ ಚಿಲ್ಲರೆ ಕಾಸಿನ ನೆರವಿನಿಂದ ಅದು ಕಂಚಿನಲ್ಲಿ ಎರಕಗೊಂಡು 1912ರಲ್ಲಿ ಜಲಪಾತದ ಮೇಲೆ ನಿಂತಿತು. ಅಮೀಲಿಯಾ ಎಂಬ ಕೆರೆ 1910ರಲ್ಲಿ ನೋಕೋಮಿಸ್ ಆಯಿತು. ಅದರ ಪಕ್ಕದ ರೈಸ್ ಲೇಕ್ ಆಮೇಲೆ ಹಯಾವಾಥಾ ಕೆರೆಯಾಯಿತು. ಆ ಹಳೆಯ ಹೆಸರು ಕೆರೆಯಲ್ಲಿ ಬೆಳೆಯುತ್ತಿದ್ದ ಕಾಡುಬತ್ತದಿಂದ ಬಂದದ್ದು. ಅಲ್ಲಿಯ ಮೂಲನಿವಾಸಿಗಳ ಊಟದ ನೆನಪು ಅಳಿಸಿ ಕಾವ್ಯದ ನಾಯಕನ ಹೆಸರು ಕೂತಿತು. ಬಡಾವಣೆಗಳ ನಕ್ಷೆ ತೆಗೆದು ನೋಡಿದರೆ ವೆನೋನಾ ಸಿಗುತ್ತಾಳೆ, ಅವಳು ಹಯಾವಾಥಾನ ತಾಯಿ. ಕೀವೇಡಿನ್ ಸಿಗುತ್ತದೆ, ಅದು ವಾಯವ್ಯದ ಗಾಳಿ. ಇಡೀ ಕಾವ್ಯವೇ ಪೋಸ್ಟ್‌ಮ್ಯಾನಿನ ಚೀಲದಲ್ಲಿ ಹಿಡಿಯುವಂತಿದೆ.

ಇನ್ನೊಂದು ವಿಚಿತ್ರ. ರಾಬರ್ಟ್ ಜೋನ್ಸ್ ಎಂಬ ಮೀನಿನ ವ್ಯಾಪಾರಿ ('ಫಿಶ್' ಜೋನ್ಸ್ ಎಂದೇ ಪ್ರಸಿದ್ಧ) ಜಲಪಾತದ ಬಳಿ ಪ್ರಾಣಿಸಂಗ್ರಹಾಲಯ ನಡೆಸುತ್ತಿದ್ದ. 1907ರ ಹೊತ್ತಿಗೆ ಅವನು ತನಗೊಂದು ಮನೆ ಕಟ್ಟಿಸಿಕೊಂಡ. ಕೇಂಬ್ರಿಜ್‌ನಲ್ಲಿರುವ ಲಾಂಗ್‌ಫೆಲೊನ ಮನೆಯ ತದ್ರೂಪು, ಅಳತೆಯಲ್ಲಿ ಮೂರರಲ್ಲಿ ಎರಡು ಪಾಲು. ಕವಿ ಬಾರದ ಊರಿಗೆ ಕವಿಯ ಮನೆಯೇ ಬಂದು ಕೂತಿತು! ಆ ಹಳದಿ ಮನೆ ಈಗಲೂ ಉದ್ಯಾನದ ಹತ್ತಿರವಿದೆ, ಸಂಜೆ ವಾಕಿಂಗಿನಲ್ಲಿ ನೀವೇ ನೋಡಿರಬಹುದು. ಬೇಸಿಗೆಯಲ್ಲಿ ಆ ತೊರೆ ಬತ್ತುವುದುಂಟು. 1964ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಜಲಪಾತ ನೋಡಲು ಬಂದಾಗ ನೀರಿಲ್ಲದೆ, ಮೇಲಿನ ಬೀದಿಗಳ ಅಗ್ನಿಶಾಮಕ ನಲ್ಲಿಗಳನ್ನು ಬಿಟ್ಟು ಜಲಪಾತ 'ಹರಿಸಿದರು'. ಕಾವ್ಯದಿಂದ ಪ್ರಸಿದ್ಧವಾದ ಜಾಗ ಒಣಗಿ ನಿಲ್ಲುವಂತಿಲ್ಲವಲ್ಲ.

ರೈಲಿನವರೂ ಹಿಂದೆ ಬೀಳಲಿಲ್ಲ. 1935ರಲ್ಲಿ ಮಿಲ್ವಾಕಿ ರೋಡ್ ಕಂಪನಿ ಷಿಕಾಗೊದಿಂದ ನಿಮ್ಮ ಅವಳಿ ನಗರಗಳಿಗೆ ಓಡಿಸಿದ ವೇಗದ ರೈಲಿಗೆ ಹಯಾವಾಥಾ ಎಂದೇ ಹೆಸರಿಟ್ಟಿತು. ಷಿಕಾಗೊ ಮತ್ತು ಮಿಲ್ವಾಕಿ ನಡುವೆ ಆ ಹೆಸರು ಈಗಲೂ ಓಡುತ್ತಿದೆ. ವಿಮಾನ ನಿಲ್ದಾಣಕ್ಕೆ ಹೋಗಲು ನೀವು ಹತ್ತುವ ಬ್ಲೂ ಲೈನ್ 2004ರಲ್ಲಿ ಶುರುವಾದಾಗ ಹಯಾವಾಥಾ ಲೈನ್ ಆಗಿತ್ತು, 2013ರಲ್ಲಿ ಬಣ್ಣದ ಹೆಸರು ಬಂತು.

ಇದಿಷ್ಟನ್ನೇ ಕೇಳಿದರೆ ಲಾಂಗ್‌ಫೆಲೊ ಒಬ್ಬ ನೆವ, ನೆಲ ಕಸಿದವರ ಮನಸ್ಸಾಕ್ಷಿಗೆ ಹಚ್ಚಿದ ಮುಲಾಮು ಎನ್ನಿಸುತ್ತದೆ. ತನ್ನಿಷ್ಟದಿಂದ ದೋಣಿ ಏರಿ ಹೊರಟುಹೋಗುವ ನಾಯಕ ಎಷ್ಟು ಅನುಕೂಲದವನು ನೋಡಿ. ಯಾರೂ ಓಡಿಸಬೇಕಾಗಿಲ್ಲ. ಟೀಚರ್ ಹೇಳಿದ್ದರಲ್ಲಿ ಹುರುಳಿದೆ. ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಅದಕ್ಕೇ ನಿಮ್ಮನ್ನು ನೋವಾ ಸ್ಕೋಶಿಯಾಗೆ ಕರೆದುಕೊಂಡು ಹೋಗಬೇಕಾಗಿದೆ. ನನಗೆ ಕೇಳಿದರೆ ಲಾಂಗ್‌ಫೆಲೊನ ನಿಜವಾದ ಪ್ರಾದೇಶಿಕ ಆಸ್ತಿ ಇರುವುದು ಅಲ್ಲಿ.

1840ರ ಸುಮಾರಿಗೆ ಕೇಂಬ್ರಿಜ್‌ನ ಅವನ ಮನೆಗೆ ಕಾದಂಬರಿಕಾರ ಹಾಥಾರ್ನ್ ಊಟಕ್ಕೆ ಬಂದಿದ್ದ, ಜೊತೆಗೆ ಹೊರೇಸ್ ಕಾನಲಿ ಎಂಬ ಪಾದ್ರಿ. ಪಾದ್ರಿ ಒಂದು ಕಥೆ ಹೇಳಿದ. ಅಕೇಡಿಯದಲ್ಲಿ (ನೋವಾ ಸ್ಕೋಶಿಯಾ ಸುತ್ತಿನ ಹಳೆಯ ಫ್ರೆಂಚ್ ಸೀಮೆ) ಮದುವೆಯ ದಿನವೇ ಹೆಣ್ಣುಗಂಡು ಅಗಲಿಹೋದರು, ಅವಳು ಅವನನ್ನು ಜೀವಮಾನವಿಡೀ ಹುಡುಕಿ ಕೊನೆಗೆ ಸಾವಿನ ಹಾಸಿಗೆಯಲ್ಲಿ ಕಂಡಳು. ಕಾನಲಿ ಈ ಕಥೆಯನ್ನು ಹಾಥಾರ್ನ್ ಬರೆಯಲಿ ಎಂದು ಆಸೆಪಟ್ಟಿದ್ದ. ಹಾಥಾರ್ನ್‌ಗೆ ಅದು ಒಗ್ಗಲಿಲ್ಲ. ಹಾಗಾದರೆ ನನಗೆ ಕೊಡಿ ಎಂದ ಲಾಂಗ್‌ಫೆಲೊ. 1847ರಲ್ಲಿ 'ಎವಾಂಜಲೀನ್' ಹೊರಬಂತು.

ಹಿನ್ನೆಲೆಯ ಇತಿಹಾಸ ಕಟುವಾದದ್ದು. ನೋವಾ ಸ್ಕೋಶಿಯಾದ ಫಂಡಿ ಕೊಲ್ಲಿಯ ದಂಡೆಯಲ್ಲಿ, ಸಮುದ್ರದ ಉಬ್ಬರ ಒಳನುಗ್ಗದಂತೆ ಮಣ್ಣಿನ ಏರಿ ಕಟ್ಟಿ, ಏರಿಯಡಿ ಒಂದೇ ಕಡೆ ತೆರೆಯುವ ಮರದ ತೂಬು ಇಟ್ಟು, ಉಪ್ಪುಜೌಗನ್ನು ಗದ್ದೆ ಮಾಡಿಕೊಂಡಿದ್ದ ಫ್ರೆಂಚ್ ರೈತರೇ ಅಕೇಡಿಯನ್ನರು. ನೆಲ ಬ್ರಿಟಿಷರ ಕೈಗೆ ಹೋದ ಮೇಲೆ ಷರತ್ತಿಲ್ಲದ ನಿಷ್ಠೆಯ ಪ್ರಮಾಣ ಮಾಡಲು ಒಪ್ಪಲಿಲ್ಲ. 1755ರ ಸೆಪ್ಟೆಂಬರ್ 5ರಂದು ಗ್ರಾನ್‌ಪ್ರೇ ಗ್ರಾಮದ ಚರ್ಚಿಗೆ 418 ಗಂಡಸರನ್ನೂ ಹುಡುಗರನ್ನೂ ಕರೆಸಿ, ಬಾಗಿಲು ಹಾಕಿ, ಗಡೀಪಾರಿನ ಆಜ್ಞೆ ಓದಿದರು. ಹೊಲಮನೆ, ದನಕರು ಎಲ್ಲ ರಾಜನ ಪಾಲು. ಮುಂದಿನ ಕೆಲವು ವರ್ಷಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನರನ್ನು ಹಡಗಿಗೆ ತುಂಬಿ ಅಟ್ಲಾಂಟಿಕ್ ಕರಾವಳಿಯ ಉದ್ದಕ್ಕೂ ಚೆಲ್ಲಿದರು. ಗಂಡ ಒಂದು ಹಡಗಿನಲ್ಲಿ, ಹೆಂಡತಿ ಇನ್ನೊಂದರಲ್ಲಿ ಆದದ್ದು ಕಟ್ಟುಕಥೆಯಲ್ಲ.

ಆ ಆಜ್ಞೆ ಓದಿಸಿದ ದಳಪತಿ ಜಾನ್ ವಿನ್‌ಸ್ಲೊ ಮ್ಯಾಸಚೂಸೆಟ್ಸಿನವನು. ಸೈನಿಕರಲ್ಲಿ ಹೆಚ್ಚಿನವರು ನ್ಯೂ ಇಂಗ್ಲೆಂಡಿನವರು (ಮ್ಯಾಸಚೂಸೆಟ್ಸ್, ಮೇನ್ ಸೇರಿದ ಅಮೆರಿಕದ ಈಶಾನ್ಯ ಸೀಮೆ). ಖಾಲಿಯಾದ ಗದ್ದೆಗಳಿಗೆ 1760ರಿಂದ ಬಂದು ಕೂತವರೂ ನ್ಯೂ ಇಂಗ್ಲೆಂಡಿನ ರೈತರೇ. ಅಂದರೆ ಲಾಂಗ್‌ಫೆಲೊನ ನಾಡಿನ ಅಜ್ಜಂದಿರು. ಕಾವ್ಯದಲ್ಲಿ ಇದರ ಸುಳಿವಿಲ್ಲ, ಕೆಡುಕೆಲ್ಲ ಬ್ರಿಟಿಷ್ ರಾಜನ ತಲೆಗೆ. ಅಮೆರಿಕದ ಓದುಗರು ಅಳುತ್ತಾ ಓದಲು ಇದೂ ಒಂದು ಕಾರಣ ಎಂದು ನನ್ನ ಅನುಮಾನ. ಅಪರಾಧ ಪರರದ್ದಾದಾಗ ಕಣ್ಣೀರು ಸಲೀಸು.

ನೋವಾ ಸ್ಕೋಶಿಯಾವನ್ನು ಅವನು ಹ್ಯಾಲಿಬರ್ಟನ್ ಎಂಬವನ ಇತಿಹಾಸಗ್ರಂಥದಿಂದ ಕಂಡ. ಲೂಯಿಸಿಯಾನವನ್ನು ಕಂಡ ಬಗೆ ಇನ್ನೂ ಸ್ವಾರಸ್ಯದ್ದು. 1846ರ ಡಿಸೆಂಬರಿನಲ್ಲಿ ಜಾನ್ ಬ್ಯಾನ್ವರ್ಡ್ ಎಂಬ ಚಿತ್ರಕಾರ ಮಿಸಿಸಿಪ್ಪಿ ನದಿಯನ್ನೇ ಉದ್ದನೆಯ ಬಟ್ಟೆಯ ಮೇಲೆ ಬರೆದು, ಉರುಳೆಯಿಂದ ಉರುಳೆಗೆ ಸುತ್ತುತ್ತಾ ಬಾಸ್ಟನ್ನಿನಲ್ಲಿ ತೋರಿಸುತ್ತಿದ್ದ. ಎವಾಂಜಲೀನಳ ನದೀಪಯಣ ಬರೆಯಬೇಕಿದ್ದ ಹೊತ್ತಿಗೆ ನದಿಯೇ ತನ್ನ ಬಳಿ ಬಂತು ಎಂಬರ್ಥದ ಮಾತನ್ನು ಲಾಂಗ್‌ಫೆಲೊ ದಿನಚರಿಯಲ್ಲಿ ಬರೆದುಕೊಂಡ.

ಇಷ್ಟು ದೂರದಿಂದ ಕಟ್ಟಿದ ಕಥೆಯನ್ನು ಅಕೇಡಿಯನ್ನರು ಏನು ಮಾಡಿದರು ನೋಡಿ. ಕಾವ್ಯದ ಕೊನೆಯಲ್ಲಿ ಅವರು ಬಹುತೇಕ ಅಳಿದುಹೋದ ಜನ. ಮಂಜು ಕವಿದ ಕಡಲಂಚಿನಲ್ಲಿ ಅಲ್ಲೊಬ್ಬ ಇಲ್ಲೊಬ್ಬ ಉಳಿದಿದ್ದಾನೆ ಅಷ್ಟೆ. ವಾಸ್ತವದಲ್ಲಿ 1764ರ ನಂತರ ಸಾವಿರಾರು ಜನ ಮರಳಿದ್ದರು. ಹಳೆಯ ಗದ್ದೆಗಳು ಸಿಗದೆ ಬರಡು ಕರಾವಳಿಯಲ್ಲಿ ಮೀನು ಹಿಡಿಯುತ್ತಾ ಬೆಳೆದಿದ್ದರು. ಹೊರಗಿನ ಲೋಕಕ್ಕೆ ಅವರು ಇದ್ದಾರೆಂಬುದೇ ಗೊತ್ತಿರಲಿಲ್ಲ. 1864ರಲ್ಲಿ ನ್ಯೂ ಬ್ರನ್ಸ್‌ವಿಕ್‌ನ ಮೆಮ್ರಾಮ್ಕುಕ್‌ನಲ್ಲಿ ಅವರಿಗೊಂದು ಕಾಲೇಜು ಆಯಿತು. ಮರುವರ್ಷ ಕ್ವಿಬೆಕ್ಕಿನ ಪಾಂಫಿಲ್ ಲೆಮೇ 'ಎವಾಂಜಲೀನ್' ಅನ್ನು ಫ್ರೆಂಚಿಗೆ ತಂದ. ಓದು ಕಲಿತ ಮೊದಲ ಪೀಳಿಗೆಯ ಕೈಗೆ ತಮ್ಮದೇ ಕಥೆ, ತಮ್ಮದೇ ಭಾಷೆಯಲ್ಲಿ, ಜಗತ್ತೇ ಮೆಚ್ಚಿದ ಮುದ್ರೆಯೊಂದಿಗೆ ಬಂತು. ತಾತ ಪಿಸುಮಾತಿನಲ್ಲಿ ಹೇಳುತ್ತಿದ್ದ ಅವಮಾನ ಈಗ ತಲೆಯೆತ್ತಿ ಹೇಳಬಹುದಾದ ಮಹಾಕಥೆಯಾಯಿತು.

ಅಲ್ಲಿಂದಾಚೆಗೆ ಕೆಲಸ ಚುರುಕಾಯಿತು. 1881ರಲ್ಲಿ ಮೊದಲ ಅಕೇಡಿಯನ್ ರಾಷ್ಟ್ರೀಯ ಸಮಾವೇಶ, ಆಗಸ್ಟ್ 15 ನಾಡಹಬ್ಬವೆಂದು ತೀರ್ಮಾನ. 1884ರ ಎರಡನೆಯ ಸಮಾವೇಶದಲ್ಲಿ ಬಾವುಟ, ನಾಡಗೀತೆ. 1887ರಲ್ಲಿ ವಾಲೆಂಟಿನ್ ಲ್ಯಾಂಡ್ರಿ ಶುರುಮಾಡಿದ ಫ್ರೆಂಚ್ ಪತ್ರಿಕೆಯ ಹೆಸರೇ 'ಲೆವಾಂಜಲೀನ್'. ಅದು 1982ರವರೆಗೆ, ಸುಮಾರು ಒಂದು ಶತಮಾನ, ಅವರ ದನಿಯಾಗಿ ನಡೆಯಿತು. ಇಂಗ್ಲಿಷಿನಲ್ಲಿ ಬರೆದ ಹಾರ್ವರ್ಡ್ ಪ್ರೊಫೆಸರನೊಬ್ಬ ಕಲ್ಪಿಸಿದ ಹುಡುಗಿಯ ಹೆಸರಿನಲ್ಲಿ ಫ್ರೆಂಚ್ ಶಾಲೆಗಳಿಗಾಗಿ, ಫ್ರೆಂಚ್ ಮಾತಿನ ಹಕ್ಕಿಗಾಗಿ ಸಂಪಾದಕೀಯಗಳು ಬಂದವು.

ಅತ್ತ ರೈಲಿನವರಿಗೆ ಬೇರೆ ಲೆಕ್ಕ. 1894ರಲ್ಲಿ ರೂಪುಗೊಂಡ ಡೊಮಿನಿಯನ್ ಅಟ್ಲಾಂಟಿಕ್ ರೈಲ್ವೆ ತನ್ನ ದಾರಿಯನ್ನು 'ಎವಾಂಜಲೀನಳ ನಾಡಿನ ದಾರಿ' ಎಂದು ಕರೆದು, ಅವಳ ಚಿತ್ರವನ್ನೇ ಲಾಂಛನ ಮಾಡಿಕೊಂಡು, ಬಾಸ್ಟನ್ನಿನ ಪ್ರವಾಸಿಗರನ್ನು ಹಡಗು–ರೈಲುಗಳಲ್ಲಿ ಕರೆತಂದಿತು. ಪುಸ್ತಕ ಕೈಲಿ ಹಿಡಿದು ಬಂದವರಿಗೆ ಗ್ರಾನ್‌ಪ್ರೇಯಲ್ಲಿ ನೋಡಲು ಹಳೆಯ ವಿಲೋ ಮರಗಳು, ಒಂದು ಬಾವಿ ಬಿಟ್ಟರೆ ಏನೂ ಇರಲಿಲ್ಲ, 1755ರಲ್ಲೇ ಊರು ಸುಟ್ಟಿತ್ತು. ಜಾನ್ ಫ್ರೆಡರಿಕ್ ಹರ್ಬಿನ್ ಎಂಬ ಆಭರಣದ ವ್ಯಾಪಾರಿ, ಅಕೇಡಿಯನ್ ತಾಯಿಯ ಮಗ, ತಾನೂ ಕವಿ, ಆ ಜಾಗವನ್ನು 1907ರಲ್ಲಿ ಕೊಂಡು ಉಳಿಸಿದ. 1917ರಲ್ಲಿ ಅದು ರೈಲ್ವೆಗೆ ಹೋಯಿತು. 1920ರಲ್ಲಿ ಎವಾಂಜಲೀನಳ ಕಂಚಿನ ಪ್ರತಿಮೆ. ಶಿಲ್ಪಿ ಫಿಲಿಪ್ ಹೆಬೆರ್‌ನ ಕಲ್ಪನೆ, ಅವನು ತೀರಿಕೊಂಡ ಮೇಲೆ ಮಗ ಹೆನ್ರಿ ಮುಗಿಸಿದ. 1922ರಲ್ಲಿ ಅಕೇಡಿಯನ್ನರೇ ಚಂದಾ ಎತ್ತಿ ಹಳೆಯ ಚರ್ಚಿನ ಜಾಗವೆಂದು ನಂಬಿದಲ್ಲಿ ಸ್ಮಾರಕ ಚರ್ಚು ಕಟ್ಟಿದರು. ರೈಲಿನವರದು ವ್ಯಾಪಾರ, ಅಕೇಡಿಯನ್ನರದು ಯಾತ್ರೆ, ಎರಡೂ ಒಂದೇ ಅಂಗಳದಲ್ಲಿ ನಡೆದವು. 2012ರಲ್ಲಿ ಗ್ರಾನ್‌ಪ್ರೇ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದಾಗ ಮುಖ್ಯವಾಗಿ ಗುರುತಿಸಿದ್ದು ಆ ಏರಿ, ತೂಬುಗಳ ಗದ್ದೆಬಯಲನ್ನು. 1,300ಕ್ಕೂ ಹೆಚ್ಚು ಹೆಕ್ಟೇರ್, ಇವತ್ತಿಗೂ ಬೇಸಾಯದಲ್ಲಿದೆ. ಕಾವ್ಯ ಜನರನ್ನು ಅಲ್ಲಿಗೆ ಎಳೆದು ತಂದಿತು, ಬಂದವರ ಕಣ್ಣು ಮೆಲ್ಲಗೆ ಕಾವ್ಯದಿಂದ ಮಣ್ಣಿಗೆ ಇಳಿಯಿತು.

ಕಾಲ ಬದಲಾದಂತೆ ಅಕೇಡಿಯನ್ ಹೆಂಗಸರೇ ಎವಾಂಜಲೀನಳ ಮೇಲೆ ಮುನಿದರು. ಯಾವಾಗಲೂ ಕಾಯುವ, ಅಳುವ, ಸಹಿಸುವ ಕನ್ಯೆ ನಮ್ಮ ಗುರುತಾಗಬೇಕೇ ಎಂದರು. ಲೇಖಕಿ ಆಂಟೊನೀನ್ ಮೈಯೆ ಇದಕ್ಕೆ ಉತ್ತರವಾಗಿ ಬರೆದ ಕಾದಂಬರಿಯ ನಾಯಕಿ ಪೆಲಾಜಿ ವಿಧವೆ, ಬಾಯಿಬಡಕಿ, ಗಟ್ಟಿಗಿತ್ತಿ. ಎತ್ತಿನ ಗಾಡಿ ಹೂಡಿ ತನ್ನ ಜನರನ್ನು ಜಾರ್ಜಿಯಾದಿಂದ ತಾಯ್ನೆಲಕ್ಕೆ ವಾಪಸು ಕರೆತರುತ್ತಾಳೆ. 1979ರಲ್ಲಿ ಅದಕ್ಕೆ ಫ್ರಾನ್ಸಿನ ಗೊಂಕೂರ್ ಪ್ರಶಸ್ತಿ ಬಂತು. ಒಬ್ಬ ಕವಿಗೆ ಒಂದು ಸೀಮೆ ಸಲ್ಲಿಸಬಹುದಾದ ದೊಡ್ಡ ಗೌರವ ಇದೇ ಎಂಬುದು ನನ್ನ ಎಣಿಕೆ. ಪ್ರತಿಮೆ ಅಲ್ಲ, ಜಗಳ.

ಲೂಯಿಸಿಯಾನದ ಕಥೆಯಲ್ಲಿ ಸ್ವಲ್ಪ ನಗುವೂ ಇದೆ. ಚದುರಿದ ಅಕೇಡಿಯನ್ನರಲ್ಲಿ ಒಂದು ಗುಂಪು 1765ರಲ್ಲಿ ಜೋಸೆಫ್ ಬ್ರೂಸಾರ್‌ನ ಮುಂದಾಳುತನದಲ್ಲಿ ಬಾಯೂ ಟೆಶ್ ಎಂಬ ನಿಧಾನದ ನೀರಿನ ದಂಡೆಗೆ ಬಂದು ನೆಲೆಸಿತು. ಇವರೇ ಮುಂದೆ ಕೇಜನ್ನರಾದರು. 1907ರಲ್ಲಿ ಫೀಲಿಕ್ಸ್ ವೂರೀಸ್ ಎಂಬ ನ್ಯಾಯಾಧೀಶ ಒಂದು ಪುಸ್ತಕ ಬರೆದು, ಎವಾಂಜಲೀನಳ 'ನಿಜವಾದ' ಕಥೆ ತನ್ನ ಅಜ್ಜಿಯಿಂದ ಬಂದದ್ದೆಂದು ಹೇಳಿದ. ಅವಳ ನಿಜ ಹೆಸರು ಎಮ್ಮೆಲೀನ್ ಲಾಬಿಶ್, ಅವಳ ನಲ್ಲನದು ಲೂಯಿ ಆರ್ಸೆನೊ. ಸೇಂಟ್ ಮಾರ್ಟಿನ್‌ವಿಲ್‌ನ ಓಕ್ ಮರದ ಕೆಳಗೆ ಅವನು ಸಿಕ್ಕಿದ, ಆದರೆ ಅಷ್ಟರಲ್ಲಿ ಬೇರೊಬ್ಬಳಿಗೆ ಮಾತುಕೊಟ್ಟಿದ್ದ, ಎಮ್ಮೆಲೀನಳಿಗೆ ಬುದ್ಧಿಭ್ರಮಣೆಯಾಯಿತು. ಇದಕ್ಕೆ ದಾಖಲೆಯಿಲ್ಲ, ಇದು ಕಲ್ಪನೆ ಎಂದು ಇತಿಹಾಸಕಾರ ಕಾರ್ಲ್ ಬ್ರಾಸೊ 1988ರಲ್ಲಿ ಬಿಡಿಸಿ ತೋರಿಸಿದರು. ಆದರೆ ಮರ ಅಲ್ಲೇ ಇದೆ, ಜನ ಬರುತ್ತಲೇ ಇದ್ದಾರೆ. 'ಎವಾಂಜಲೀನ್ ಓಕ್' ಪಟ್ಟ ಒಂದು ಮರದಿಂದ ಇನ್ನೊಂದಕ್ಕೆ ದಾಟಿದ್ದೂ ಉಂಟು. ನಮ್ಮಲ್ಲಿ ಸೀತೆ ಮಿಂದ ಹೊಂಡ, ಭೀಮನ ಹೆಜ್ಜೆ ಮೂಡಿದ ಬಂಡೆ ಇಲ್ಲದ ಬೆಟ್ಟ ಯಾವುದಿದೆ ಹೇಳಿ? ಕಥೆ ಮನಸ್ಸಿಗೆ ಇಳಿದ ಮೇಲೆ ಅದಕ್ಕೊಂದು ಜಾಗ ಬೇಕೇ ಬೇಕು.

1910ರಲ್ಲಿ ಆ ರಾಜ್ಯದ ಒಂದು ಜಿಲ್ಲೆಗೆ (ಅಲ್ಲಿ ಪ್ಯಾರಿಷ್ ಎನ್ನುತ್ತಾರೆ) ಎವಾಂಜಲೀನ್ ಎಂದು ಹೆಸರಾಯಿತು. 1929ರಲ್ಲಿ ಹಾಲಿವುಡ್ ಸಿನಿಮಾ ಬಂತು, ನಾಯಕಿ ಮೆಕ್ಸಿಕೊದ ಡೊಲೊರೆಸ್ ಡೆಲ್ ರಿಯೊ. ಚಿತ್ರತಂಡ ಸೇಂಟ್ ಮಾರ್ಟಿನ್‌ವಿಲ್‌ಗೆ ಕೊಟ್ಟ ಪ್ರತಿಮೆ 1931ರಿಂದ ಚರ್ಚಿನ ಪಕ್ಕ ಕೂತಿದೆ, ಮುಖ ಆ ನಟಿಯದೇ! ಅಮೆರಿಕದ ಕವಿ, ಅಕೇಡಿಯದ ಹೆಣ್ಣು, ಮೆಕ್ಸಿಕೊದ ಮುಖ, ಲೂಯಿಸಿಯಾನದ ಅಂಗಳ. 1934ರಲ್ಲಿ ಆ ರಾಜ್ಯದ ಮೊಟ್ಟಮೊದಲ ಉದ್ಯಾನಕ್ಕೆ ಲಾಂಗ್‌ಫೆಲೊ ಮತ್ತು ಎವಾಂಜಲೀನ್ ಇಬ್ಬರ ಹೆಸರನ್ನೂ ಜೋಡಿಸಿದರು. ಲಫಾಯೆಟ್ ಸುತ್ತಮುತ್ತ ಬ್ರೆಡ್ಡಿಗೆ ಅವಳ ಹೆಸರು, ಹೆದ್ದಾರಿಗೆ ಅವಳ ಹೆಸರು, ಕುದುರೆ ಜೂಜಿನ ಮೈದಾನಕ್ಕೂ ಅವಳದೇ.

ಇದರ ಬೆನ್ನಲ್ಲೇ ಇನ್ನೊಂದು ನಡೆಯುತ್ತಿತ್ತು. 1921ರ ರಾಜ್ಯ ಸಂವಿಧಾನ ಶಾಲೆಯಲ್ಲಿ ಇಂಗ್ಲಿಷ್ ಮಾತ್ರ ಎಂದಿತು. ಆಟದ ಬಯಲಲ್ಲಿ ಫ್ರೆಂಚ್ ಮಾತಾಡಿದ ಕೇಜನ್ ಮಕ್ಕಳಿಗೆ ಏಟು ಬೀಳುತ್ತಿತ್ತು. ಎವಾಂಜಲೀನಳನ್ನು ಮೆರೆಸುವುದಕ್ಕೂ ಅವಳ ಮಾತನ್ನು ಅಳಿಸುವುದಕ್ಕೂ ಯಾರಿಗೂ ವಿರೋಧ ಕಾಣಲಿಲ್ಲ. ಹಾಗೆಂದು ಅವಳು ನಿಷ್ಪ್ರಯೋಜಕಳೂ ಆಗಲಿಲ್ಲ. 1930ರಲ್ಲಿ, ಗಡೀಪಾರಿನ 175ನೆಯ ವರ್ಷ, ರಾಜಕಾರಣಿ ಡಡ್ಲಿ ಲೆಬ್ಲಾಂಕ್ ಎವಾಂಜಲೀನಳ ಉಡುಗೆ ತೊಟ್ಟ ಹುಡುಗಿಯರ ತಂಡ ಕಟ್ಟಿಕೊಂಡು ಲೂಯಿಸಿಯಾನದಿಂದ ಗ್ರಾನ್‌ಪ್ರೇಗೆ ಹೋದ. ಎರಡು ಶತಮಾನದ ಹತ್ತಿರ ಹತ್ತಿರ ಸಂಪರ್ಕ ತಪ್ಪಿದ್ದ ನೆಂಟರು ಭೇಟಿಯಾದರು. 1968ರಲ್ಲಿ ಫ್ರೆಂಚ್ ಭಾಷೆ ಉಳಿಸಲು ರಾಜ್ಯವೇ ಒಂದು ಮಂಡಳಿ ಮಾಡಿತು. ಲೂಯಿಸಿಯಾನದ ವಕೀಲ ವಾರೆನ್ ಪೆರಿನ್ 1990ರಲ್ಲಿ ಗಡೀಪಾರಿನ ತಪ್ಪನ್ನು ಒಪ್ಪಿಕೊಳ್ಳಿ ಎಂದು ಬ್ರಿಟಿಷ್ ರಾಣಿಯ ಹೆಸರಿಗೆ ಅರ್ಜಿ ಹಾಕಿ ಬೆನ್ನುಬಿದ್ದರು. 2003ರಲ್ಲಿ ರಾಜಘೋಷಣೆ ಹೊರಟಿತು, ಜುಲೈ 28 ಗಡೀಪಾರಿನ ನೆನಪಿನ ದಿನವಾಯಿತು. ಇದೆಲ್ಲ ಕಾವ್ಯ ಮಾಡಿದ್ದಲ್ಲ, ಜನ ಮಾಡಿದ್ದು. ಜಗತ್ತಿಗೆ 'ಅಕೇಡಿಯನ್' ಎಂದರೆ ಯಾರೆಂದು ವಿವರಿಸುವ ಕಷ್ಟವನ್ನು ಕಾವ್ಯ ತಪ್ಪಿಸಿತ್ತು, ಅಷ್ಟೆ. ಅದೇನು ಕಡಿಮೆಯೂ ಅಲ್ಲ.

ಅವನ ಸ್ವಂತ ಸೀಮೆಯ ಬಗ್ಗೆ ಚುಟುಕಾಗಿ. ಪೋರ್ಟ್‌ಲೆಂಡಿನಲ್ಲಿ ಬಾಲ್ಯದ ಮನೆ, 1888ರ ಪ್ರತಿಮೆ. ಬಾಸ್ಟನ್ನಿಗೂ ಕೇಂಬ್ರಿಜ್‌ಗೂ ನಡುವೆ ಅವನ ಹೆಸರಿನ ಸೇತುವೆ. ಪಾಲ್ ರಿವಿಯರ್ ಎಂಬ ಬೆಳ್ಳಿ ಕೆಲಸಗಾರನನ್ನು, ಬ್ರಿಟಿಷ್ ಸೈನ್ಯ ಬರುತ್ತಿದೆ ಎಂದು ಊರೂರಿಗೆ ಎಚ್ಚರಿಸುವ ನಡುರಾತ್ರಿಯ ಕುದುರೆ ಸವಾರನಾಗಿ ಅಮರನಾಗಿಸಿದ 1860ರ ಕವನ. ಅದರಲ್ಲಿ ರಿವಿಯರ್ ಕಾನ್‌ಕರ್ಡ್ ಊರನ್ನು ಮುಟ್ಟುತ್ತಾನೆ. ನಿಜದಲ್ಲಿ ದಾರಿಯಲ್ಲೇ ಸಿಕ್ಕಿಬಿದ್ದ, ಮುಟ್ಟಿದವನು ಸ್ಯಾಮ್ಯುಯೆಲ್ ಪ್ರೆಸ್ಕಾಟ್. ಪ್ರೆಸ್ಕಾಟನ ಹೆಸರನ್ನು ಇತಿಹಾಸದ ಪ್ರೊಫೆಸರರನ್ನು ಬಿಟ್ಟರೆ ಕೇಳಿದವರು ಕಡಿಮೆ.

ಓದು ನಿಂತದ್ದೇಕೆ ಎಂಬುದಕ್ಕೆ ದೊಡ್ಡ ರಹಸ್ಯವೇನೂ ಇಲ್ಲ. ಮೂರು ಪೀಳಿಗೆಯ ಶಾಲಾಮಕ್ಕಳಿಂದ ಕಂಠಪಾಠ ಮಾಡಿಸಿದ ಕವಿಯ ಮೇಲೆ ನಾಲ್ಕನೆಯ ಪೀಳಿಗೆಗೆ ಸಿಟ್ಟು ಬರುವುದು ಸಹಜ. ಇಪ್ಪತ್ತನೆಯ ಶತಮಾನದ ನವ್ಯರಿಗೆ ಅವನ ನಯ, ಲಯ, ನೀತಿ ಮೂರೂ ಬೇಡವಾದವು. ಪುಸ್ತಕ ಕಪಾಟು ಸೇರಿತು. ರಸ್ತೆಯ ಫಲಕ ಕಪಾಟು ಸೇರಲಾರದು, ಅದನ್ನು ಬದಲಿಸಲು ಕೋರ್ಟಿಗೆ ಹೋಗಬೇಕು. ನಿಮ್ಮೂರಿನದೇ ಉದಾಹರಣೆ: ಕ್ಯಾಲ್‌ಹೂನ್ ಕೆರೆಗೆ ಬ್ಡೆ ಮಕಾ ಸ್ಕಾ ಎಂಬ ಹಳೆಯ ಡಕೋಟಾ ಹೆಸರನ್ನು ಮರಳಿಸಲು ರಾಜ್ಯದ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2020ರಲ್ಲಿ ತೀರ್ಮಾನವಾಯಿತು.

ಒಂದು ಮಾತು ಬಾಕಿ ಇದೆ. ಅದನ್ನು ಬಿಟ್ಟರೆ ಒಜಿಬ್ವೆ ಜನರಿಗೆ ಅನ್ಯಾಯವಾಗುತ್ತದೆ. 1900ರಲ್ಲಿ ಕೆನಡಾದ ಗಾರ್ಡನ್ ರಿವರ್‌ನ ಒಜಿಬ್ವೆಗಳು ಲಾಂಗ್‌ಫೆಲೊನ ಹೆಣ್ಣುಮಕ್ಕಳಿಗೆ ಭೂರ್ಜ ಮರದ ತೊಗಟೆಯ ಮೇಲೆ ಆಮಂತ್ರಣ ಬರೆದು ಕಳಿಸಿದರು. ಅವರು ಬಂದರು, ಹ್ಯೂರನ್ ಸರೋವರದ ದಂಡೆಯಲ್ಲಿ ಒಜಿಬ್ವೆಗಳೇ ಆಡಿದ ಹಯಾವಾಥಾ ನಾಟಕ ನೋಡಿದರು. ಮಾತು, ಹಾಡು ಒಜಿಬ್ವೆ ಭಾಷೆಯಲ್ಲಿ. ಏರ್ಪಾಟಿನ ಹಿಂದೆ ಇಲ್ಲೂ ರೈಲ್ವೆ ಕಂಪನಿಯ ಮನುಷ್ಯನೊಬ್ಬ ಇದ್ದ, ನಿಜ. ಆದರೆ ಅದು ಮೂಲನಿವಾಸಿಗಳ ಕುಣಿತ, ಆಚರಣೆಗಳ ಮೇಲೆ ಸರ್ಕಾರ ಕಣ್ಣು ಕೆಂಪಗೆ ಮಾಡಿದ್ದ ಕಾಲ. ಬಿಳಿಯರ ಮೆಚ್ಚಿನ ಕಾವ್ಯದ ಮರೆಯಲ್ಲಿ ತಮ್ಮ ಹಾಡನ್ನು ತಾವೇ ಹಾಡಲು, ಅದಕ್ಕೆ ಸಂಬಳವನ್ನೂ ಪಡೆಯಲು ಅವರಿಗೊಂದು ದಾರಿ ಸಿಕ್ಕಿತು. ಆ ನಾಟಕ ಹಲವು ವರ್ಷ ನಡೆಯಿತು, ಊರೂರು ಸುತ್ತಿತು. ನಿಮ್ಮ ರಾಜ್ಯದ ಪೈಪ್‌ಸ್ಟೋನ್‌ನಲ್ಲಿ 2008ರವರೆಗೆ ನಡೆದ ಹಯಾವಾಥಾ ಪ್ರದರ್ಶನದಲ್ಲಿ ಹೆಚ್ಚಾಗಿ ವೇಷ ಹಾಕುತ್ತಿದ್ದವರು ಊರಿನ ಬಿಳಿಯರು. ಕಾವ್ಯ ಒಂದೇ, ಎತ್ತಿಕೊಂಡ ಕೈ ಬೇರೆ.

ಇನ್ನು ಮಗಳ ವಿಷಯ. ಟೀಚರನ್ನು ಎದುರುಹಾಕಿಕೊಳ್ಳಬೇಡಿ, ಚಿಕ್ಕ ಮಕ್ಕಳ ತರಗತಿಯಲ್ಲಿ ಬರಿಯ ಕಾವ್ಯವನ್ನಷ್ಟೇ ಕೊಟ್ಟರೆ 'ಹಿಂದೊಮ್ಮೆ ಇದ್ದ ಇಂಡಿಯನ್ನರು' ಎಂಬ ತಪ್ಪು ಚಿತ್ರವೇ ಕೂರುತ್ತದೆ. ಮನೆಯಲ್ಲಿ ನೀವು ಜೊತೆಗಿದ್ದು ಓದಿಸುವುದು ಬೇರೆ. ಹಯಾವಾಥಾನ ಬಾಲ್ಯದ ಭಾಗವನ್ನು ಗಟ್ಟಿಯಾಗಿ ಓದಿ. ಅಜ್ಜಿ ಮೊಮ್ಮಗನಿಗೆ ನಕ್ಷತ್ರ, ಮಿಣುಕುಹುಳ ತೋರಿಸುವ ಆ ಸಾಲುಗಳ ತಮಟೆ ಬಡಿತ ಕನ್ನಡದ ಕಿವಿಗೂ ಹಿಡಿಸುತ್ತದೆ. ಬರಗಾಲದ ಭಾಗ ಇಡೀ ಕಾವ್ಯದಲ್ಲೇ ಗಟ್ಟಿ. ಕೊನೆಯ ಭಾಗಕ್ಕೆ ಬಂದಾಗ 1862ರ ಚಳಿಗಾಲದ ಸಂಗತಿ ಹೇಳಿ. ಒಂದು ಭಾನುವಾರ ಬ್ಲೂ ಲೈನಿನಲ್ಲಿ ಮಿನ್ನೆಹಾಹಾ ಉದ್ಯಾನದ ನಿಲ್ದಾಣದಲ್ಲಿ ಇಳಿದು ಪ್ರತಿಮೆ ನೋಡಿ, ಮತ್ತೆ ರೈಲು ಹತ್ತಿ ಅದೇ ಮಾರ್ಗದಲ್ಲಿ ಮುಂದಿರುವ ಸ್ನೆಲ್ಲಿಂಗ್ ಕೋಟೆಗೆ ಹೋಗಿ, ಎರಡನ್ನೂ ಒಂದೇ ದಿನ ತೋರಿಸಿ.

ಜೊತೆಗೆ ಜೇನ್ ಜಾನ್‌ಸ್ಟನ್ ಸ್ಕೂಲ್‌ಕ್ರಾಫ್ಟಳ ಕವನಗಳನ್ನು ಗ್ರಂಥಾಲಯದಲ್ಲಿ ಕೇಳಿ. ಒಜಿಬ್ವೆಯಲ್ಲೂ ಇಂಗ್ಲಿಷಿನಲ್ಲೂ ಬರೆದವಳು. ಅವಳ ಬರಹವೆಲ್ಲ ಒಟ್ಟಾಗಿ ಪುಸ್ತಕರೂಪ ಕಂಡದ್ದು 2007ರಲ್ಲಷ್ಟೇ. ಮಕ್ಕಳಿಬ್ಬರನ್ನು ದೂರದ ಪೂರ್ವದ ವಸತಿಶಾಲೆಯಲ್ಲಿ ಬಿಟ್ಟು ಊರಿಗೆ ಮರಳುವಾಗ ಅವಳು ತನ್ನ ತಾಯ್ನುಡಿಯಲ್ಲಿ ಬರೆದ ಪುಟ್ಟ ಕವನವೊಂದಿದೆ. ಮಗಳಿಗಿಂತ ಮೊದಲು ಅದನ್ನು ನೀವು ಓದಿ.